ಸರ್ವೋ ಮೋಟಾರ್ ಕೇಬಲ್‌ನ ಶೀಲ್ಡನ್ನು ಒಂದೇ ಕಡೆ ಅರ್ಥ್ ಮಾಡಬೇಕಾ, ಎರಡೂ ಕಡೆನಾ?

ಪ್ರಶ್ನೆ: ಮೆಷಿನ್‌ಗೆ ಹೊಸ ಸರ್ವೋ ಮೋಟಾರ್ ಕೂರಿಸುತ್ತಿದ್ದೇವೆ. ಪವರ್ ಕೇಬಲ್‌ನ ಶೀಲ್ಡನ್ನು (ತಂತಿಗಳ ಸುತ್ತ ಇರುವ ಲೋಹದ ಜಾಲರಿ) ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡಿ ಅಂತ ಒಬ್ಬರು ಹೇಳುತ್ತಾರೆ, ಎರಡೂ ಕಡೆ ಮಾಡಿ ಅಂತ ಇನ್ನೊಬ್ಬರು. ಯಾವುದು ಸರಿ? ಕೂರಿಸುವಾಗ ಬೇರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಮೋಟಾರಿನ ಪವರ್ ಕೇಬಲ್ ಆದರೆ ಎರಡೂ ಕಡೆ. ಪ್ಯಾನೆಲ್ ಒಳಗಿನ ಡ್ರೈವ್ (ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತುದಿಯಲ್ಲೂ ಬೇಕು, ಮೋಟಾರ್ ತುದಿಯಲ್ಲೂ ಬೇಕು. ಆದರೆ ಎಷ್ಟು ಕಡೆ ಅನ್ನುವುದರಷ್ಟೇ ಮುಖ್ಯ, ಅದನ್ನು ಹೇಗೆ ಜೋಡಿಸಿದ್ದೀರಿ ಅನ್ನುವುದು. ಎರಡೂ ಕಡೆ ಅರ್ಥ್ ಮಾಡಿದ್ದರೂ ಎನ್‌ಕೋಡರ್ (ಶಾಫ್ಟ್ ಎಷ್ಟು ತಿರುಗಿತು ಅಂತ ಡ್ರೈವ್‌ಗೆ ಹೇಳುವ ಸೆನ್ಸರ್) ಅಲಾರಂ ಬರುತ್ತಿದ್ದರೆ ನಾನು ಮೊದಲು ನೋಡುವುದು ಆ ಜೋಡಣೆಯನ್ನೇ.

ಒಂದೇ ಕಡೆ ಅನ್ನುವವರು ಸುಮ್ನೆ ಹೇಳುತ್ತಿಲ್ಲ. ಥರ್ಮೋಕಪಲ್, 4–20 ಮಿಲಿಆಂಪ್ ಥರದ ಸಣ್ಣ ಸಿಗ್ನಲ್ ಕೇಬಲ್‌ಗಳಲ್ಲಿ ಆ ಮಾತಿಗೆ ಕಾರಣವಿದೆ. ಪ್ಯಾನೆಲ್‌ನ ಅರ್ಥಿಂಗ್‌ಗೂ ಮೆಷಿನ್‌ನ ಅರ್ಥಿಂಗ್‌ಗೂ ನಡುವೆ ಸ್ವಲ್ಪ ವೋಲ್ಟೇಜ್ ಇದ್ದರೂ ಸಾಕು, ಎರಡೂ ಕಡೆ ಕಟ್ಟಿದ ಶೀಲ್ಡಿನಲ್ಲಿ 50 ಅಥವಾ 60 ಹರ್ಟ್ಸ್ ಕರೆಂಟ್ ಹರಿದು ರೀಡಿಂಗ್ ಅಲ್ಲಾಡುತ್ತದೆ. ಅಲ್ಲಿ ಕಲಿತದ್ದನ್ನು ಸರ್ವೋ ಪವರ್ ಕೇಬಲ್‌ಗೂ ಹಾಗೇ ಹಚ್ಚಿದಾಗ ಎಡವಟ್ಟಾಗುತ್ತದೆ.

ಡ್ರೈವ್‌ನಿಂದ ಹೊರಗೆ ಬರುವುದು ನಯವಾದ ಎಸಿ ಅಲೆ ಅಲ್ಲ. ಡ್ರೈವ್ ಮೊದಲು ಎಸಿಯನ್ನು ಡಿಸಿ ಮಾಡುತ್ತದೆ. 400 ವೋಲ್ಟ್ ಸಪ್ಲೈ ಇದ್ದರೆ ಒಳಗಿನ ಡಿಸಿ ಬಸ್ ಸುಮಾರು 565 ವೋಲ್ಟ್ ಇರುತ್ತದೆ. ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರಿಗೆ ಕಳಿಸುತ್ತದೆ. ಪ್ರತಿ ಸಲ ವೋಲ್ಟೇಜ್ ಮೇಲೇಳುವುದು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ. ಅಷ್ಟು ವೇಗದ ಏರಿಳಿತಕ್ಕೆ ಕೇಬಲ್‌ನ ಇನ್ಸುಲೇಶನ್ ಪೂರ್ತಿ ತಡೆಯಾಗುವುದಿಲ್ಲ. ತಂತಿಗೂ ಶೀಲ್ಡಿಗೂ, ಮೋಟಾರಿನ ವೈಂಡಿಂಗ್‌ಗೂ ಬಾಡಿಗೂ ನಡುವಿನ ಕೆಪ್ಯಾಸಿಟನ್ಸ್ ಮೂಲಕ ಕರೆಂಟ್ ಹೊರಗೆ ಜಿಗಿಯುತ್ತದೆ. ಜಿಗಿದ ಕರೆಂಟ್ ಡ್ರೈವ್‌ಗೆ ವಾಪಸ್ ಹೋಗಲೇಬೇಕು.

ಶೀಲ್ಡ್ ಎರಡೂ ತುದಿಯಲ್ಲಿ ಸರಿಯಾಗಿ ಕೂತಿದ್ದರೆ ಅದು ಬಂದ ದಾರಿಯ ಪಕ್ಕದಲ್ಲೇ ವಾಪಸ್ ಹೋಗುತ್ತದೆ, ಯಾರಿಗೂ ತೊಂದರೆ ಇಲ್ಲ. ಮೋಟಾರ್ ಕಡೆ ಶೀಲ್ಡ್ ಬಿಟ್ಟಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ. ಮೆಷಿನ್ ಫ್ರೇಮ್, ಬೇರಿಂಗ್, ಎನ್‌ಕೋಡರ್ ಕೇಬಲ್‌ನ ಶೀಲ್ಡ್, ಎಲ್ಲಿ ಸಿಕ್ಕಿದರೆ ಅಲ್ಲಿ. ಆಮೇಲೆ ಕಾರಣವೇ ಗೊತ್ತಾಗದ ಅಲಾರಂಗಳು ಶುರುವಾಗುತ್ತವೆ. ಬೇರಿಂಗ್ ಮೂಲಕ ಹಾದ ಕರೆಂಟ್ ಅದರ ಗುಂಡುಗಳು ಓಡುವ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಮಾಡುತ್ತದೆ.

ಈಗ ಜೋಡಣೆ. ಪ್ಯಾನೆಲ್ ಬಾಗಿಲು ತೆಗೆದು ಕೇಬಲ್ ತುದಿ ನೋಡಿ. ಶೀಲ್ಡಿನ ಜಾಲರಿಯನ್ನು ಬಿಚ್ಚಿ, ಜಡೆಯ ಹಾಗೆ ಹೊಸೆದು, ಲಗ್ ಹಾಕಿ ಅರ್ಥ್ ಬಾರ್‌ಗೆ ಬಿಗಿದಿದ್ದಾರಾ? ನೋಡಲು ಅಚ್ಚುಕಟ್ಟಾಗಿರುತ್ತದೆ, ಮಲ್ಟಿಮೀಟರ್ ಹಿಡಿದರೆ ಕಂಟಿನ್ಯುಟಿ ಕೂಡ ತೋರಿಸುತ್ತದೆ. ಆದರೂ ಅದು ಕೆಲಸಕ್ಕೆ ಬರುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ. 2.5 ಚದರ ಮಿ.ಮೀ. ತಾಮ್ರದ ತಂತಿ 10 ಸೆಂ.ಮೀ. ಉದ್ದ ಇದ್ದರೆ ಅದರ ರೆಸಿಸ್ಟೆನ್ಸ್ 1 ಮಿಲಿಓಮ್ ಕೂಡ ಇರುವುದಿಲ್ಲ. ಆದರೆ ಅಷ್ಟೇ ತಂತಿಗೆ ಸುಮಾರು 100 ನ್ಯಾನೋಹೆನ್ರಿ ಇಂಡಕ್ಟನ್ಸ್ ಇರುತ್ತದೆ. ಅಂಥ ವೇಗದ ಏರಿಳಿತದಲ್ಲಿ ಇರುವ 10 ಮೆಗಾಹರ್ಟ್ಸ್‌ನಂಥ ಫ್ರೀಕ್ವೆನ್ಸಿಯಲ್ಲಿ ಅದರ ಅಡ್ಡಿ 6 ಓಮ್ ದಾಟುತ್ತದೆ. ಅಂದರೆ ಮೀಟರ್‌ಗೆ ಸೊನ್ನೆ ಅನ್ನಿಸಿದ ಜೋಡಣೆ, ಹೈ ಫ್ರೀಕ್ವೆನ್ಸಿ ನಾಯ್ಸ್‌ಗೆ (ಹೊರಗೆ ಜಿಗಿದ ಆ ಕರೆಂಟಿಗೆ) ಸಾವಿರಾರು ಪಟ್ಟು ದೊಡ್ಡ ಅಡ್ಡಿ.

ಸರಿಯಾದ ರೀತಿ ಇದು. ಹೊರಗಿನ ಜಾಕೆಟ್ಟನ್ನು ಎರಡು ಮೂರು ಸೆಂ.ಮೀ. ಮಾತ್ರ ಸುಲಿಯಿರಿ. ಬ್ಲೇಡ್ ಜಾಲರಿಗೆ ತಾಗಬಾರದು. ಬಿಚ್ಚದೆ ಹಾಗೇ ಇರುವ ಜಾಲರಿಯ ಸುತ್ತ ಮೆಟಲ್ ಕ್ಲ್ಯಾಂಪ್ ಹಾಕಿ ಪ್ಯಾನೆಲ್‌ನ ಪ್ಲೇಟ್‌ಗೆ ಒತ್ತಿ ಬಿಗಿಯಿರಿ. ಸುತ್ತಲೂ ತಾಗಬೇಕು. ಪ್ಲೇಟ್‌ಗೆ ಪೇಂಟ್ ಇದ್ದರೆ ಅಷ್ಟು ಜಾಗ ಕೆರೆದು ಲೋಹ ಕಾಣುವಂತೆ ಮಾಡಿ. ಕ್ಲ್ಯಾಂಪ್‌ನಿಂದ ಮುಂದೆ ಡ್ರೈವ್ ಟರ್ಮಿನಲ್‌ವರೆಗೆ ಬಿಚ್ಚಿದ ತಂತಿ ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಮೋಟಾರ್ ಕಡೆ ಕನೆಕ್ಟರ್‌ನ ಲೋಹದ ಕವಚವೇ ಈ ಕೆಲಸ ಮಾಡುತ್ತದೆ, ಅದನ್ನು ಪೂರ್ತಿ ತಿರುಗಿಸಿ ಬಿಗಿ ಮಾಡಿರಬೇಕು ಅಷ್ಟೆ. ಟರ್ಮಿನಲ್ ಬಾಕ್ಸ್ ಇರುವ ಮೋಟಾರ್ ಆದರೆ ಶೀಲ್ಡಿಗೆ ಒಳಗಿನಿಂದ ತಾಗುವ ಇಎಂಸಿ ಗ್ಲ್ಯಾಂಡ್ (ಕೇಬಲ್ ಒಳಹೋಗುವ ತೂತಿಗೆ ಹಾಕುವ ಲೋಹದ ಹಿಡಿ) ಹಾಕಿ, ಪ್ಲಾಸ್ಟಿಕ್ ಗ್ಲ್ಯಾಂಡ್ ಬೇಡ.

ಎನ್‌ಕೋಡರ್ ಕೇಬಲ್‌ಗೆ ಡ್ರೈವ್ ತಯಾರಕರ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಡಿಜಿಟಲ್ ಎನ್‌ಕೋಡರ್‌ಗಳಲ್ಲಿ ಸಾಮಾನ್ಯವಾಗಿ ಇಲ್ಲೂ ಎರಡೂ ಕಡೆ, ಕನೆಕ್ಟರ್ ಕವಚದ ಮೂಲಕ. ಮೆಷಿನ್‌ಗೂ ಪ್ಯಾನೆಲ್‌ಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಇದೆ ಅನ್ನಿಸಿದರೆ ಶೀಲ್ಡ್ ಕತ್ತರಿಸಬೇಡಿ. ಎರಡರ ನಡುವೆ ದಪ್ಪ ಬಾಂಡಿಂಗ್ ಕೇಬಲ್ ಎಳೆಯಿರಿ.

ಶೀಲ್ಡ್ ಇದೆ ಅಂತ ಅರ್ಥ್ ವೈರ್ ಬಿಡುವುದಂತೂ ಸಲ್ಲದು. ಅವೆರಡರ ಕೆಲಸ ಬೇರೆ ಬೇರೆ. ಡ್ರೈವ್‌ಗಳಲ್ಲಿ ಲೀಕೇಜ್ ಕರೆಂಟ್ 3.5 ಮಿಲಿಆಂಪ್ ದಾಟುವುದು ಸಾಮಾನ್ಯ. ಅರ್ಥ್ ವೈರ್ ಬಿಚ್ಚಿಹೋದರೆ ಮೆಷಿನ್ ಬಾಡಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಹಾಗಾಗಿ ಇಂಥ ಕಡೆ ಕನಿಷ್ಠ 10 ಚದರ ಮಿ.ಮೀ. ತಾಮ್ರದ ಅರ್ಥ್ ವೈರ್ ಬೇಕು, ಅಥವಾ ಎರಡನೇ ಅರ್ಥ್ ವೈರ್ ಬೇರೆ ಟರ್ಮಿನಲ್‌ಗೆ ಎಳೆಯಬೇಕು.

ಪವರ್ ಕೇಬಲ್ ಮತ್ತು ಎನ್‌ಕೋಡರ್ ಕೇಬಲ್ ಒಂದೇ ಟ್ರೇನಲ್ಲಿ ಮೈಗೆ ಮೈ ಅಂಟಿಸಿ ಎಳೆಯಬೇಡಿ. 20–30 ಸೆಂ.ಮೀ. ಅಂತರ ಬಿಡಿ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ. ಡ್ರ್ಯಾಗ್ ಚೈನ್ (ಚಲಿಸುವ ಭಾಗದ ಜೊತೆ ಕೇಬಲ್ ಒಯ್ಯುವ ಸರಪಳಿ) ಒಳಗೆ ಹೋಗುವುದಾದರೆ ಅದಕ್ಕೆಂದೇ ಮಾಡಿದ ಕೇಬಲ್ ತನ್ನಿ, ನಡುವೆ ಡಿವೈಡರ್ ಹಾಕಿ, ತಿರುಚಿ ಹಾಕಬೇಡಿ. ಎರಡೂ ತುದಿಯಲ್ಲಿ ಕೇಬಲ್ಲನ್ನು ಗಟ್ಟಿ ಹಿಡಿಸಿ. ಎಳೆತ ಕನೆಕ್ಟರ್ ಮೇಲೆ ಬೀಳಬಾರದು. ಕೂಲೆಂಟ್ ಚೆಲ್ಲುವ ಜಾಗದಲ್ಲಿ ಮೋಟಾರಿನ ಕನೆಕ್ಟರ್ ಕೆಳಮುಖವಾಗಿರಲಿ.

ಇಷ್ಟೆಲ್ಲಾ ಮಾಡುವ ಕೈಗಳು ಮೊದಲು ಸುರಕ್ಷಿತವಾಗಿರಬೇಕು ಅಲ್ವಾ? ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ನಿಜಕ್ಕೂ ಜೀವ ತೆಗೆಯಬಲ್ಲವು.

ಒಂದು, ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಕರೆಂಟ್ ಹೋಯಿತು ಅಂದುಕೊಳ್ಳುವುದು. ಈಗಿನ ಬಹಳಷ್ಟು ಡ್ರೈವ್‌ಗಳಲ್ಲಿ ಆ ಬಟನ್ ಎಸ್‌ಟಿಒ ಅನ್ನುವ ಸರ್ಕ್ಯೂಟ್‌ಗೆ ಹೋಗಿರುತ್ತದೆ. ಸೇಫ್ ಟಾರ್ಕ್ ಆಫ್. ಅದು ಮೋಟಾರ್ ತಿರುಗದ ಹಾಗೆ ನೋಡಿಕೊಳ್ಳುತ್ತದೆ, ವೋಲ್ಟೇಜ್ ತೆಗೆಯುವುದಿಲ್ಲ. ಟರ್ಮಿನಲ್‌ಗಳಲ್ಲಿ ಪೂರ್ತಿ ವೋಲ್ಟೇಜ್ ಇರಬಹುದು. ವೈರಿಂಗ್‌ಗೆ ಕೈ ಹಾಕುವ ಮೊದಲು ಮೇನ್ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ.

ಇನ್ನೊಂದು, ಡಿಸ್‌ಪ್ಲೇ ಆರಿದರೆ ಸಾಕು ಅನ್ನುವುದು. ಡಿಸಿ ಬಸ್ ಕೆಪ್ಯಾಸಿಟರ್‌ಗಳು ಆಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಎಷ್ಟು ಹೊತ್ತು ಕಾಯಬೇಕು ಅಂತ ಡ್ರೈವ್ ಮೇಲೇ ಬರೆದಿರುತ್ತದೆ. 5 ನಿಮಿಷ ಇರಬಹುದು, 15 ಇರಬಹುದು. ಅಷ್ಟು ಕಾದ ಮೇಲೂ ಡಿಸಿ ಬಸ್ ಟರ್ಮಿನಲ್‌ಗಳ ನಡುವೆ ಅಳೆದು ನೋಡಿ. ಅಷ್ಟು ವೋಲ್ಟೇಜ್ ತಡೆಯುವ ಮೀಟರ್ ಬೇಕು. ಅಳೆಯುವ ಮುಂಚೆಯೂ ಆಮೇಲೂ ಲೈವ್ ಇರುವ ಕಡೆ ಹಿಡಿದು ಮೀಟರ್ ಸರಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಸರ್ವೋ ಮೋಟಾರ್ ಒಳಗೆ ಸಾಮಾನ್ಯವಾಗಿ ಪರ್ಮನೆಂಟ್ ಮ್ಯಾಗ್ನೆಟ್ ಇರುತ್ತದೆ. ಶಾಫ್ಟ್ ತಿರುಗಿದರೆ ಸಪ್ಲೈ ಇಲ್ಲದೆಯೂ ಕರೆಂಟ್ ಹುಟ್ಟುತ್ತದೆ. ಆಕ್ಸಿಸ್ (ಮೋಟಾರ್ ಓಡಿಸುವ ಮೆಷಿನ್ ಭಾಗ) ಜಾರುವಾಗ ಅಥವಾ ಯಾರೋ ಕೈಯಲ್ಲಿ ತಳ್ಳುವಾಗ ಮೋಟಾರಿನ ಮೂರು ಫೇಸ್‌ಗಳಾದ ಯು, ವಿ, ಡಬ್ಲ್ಯು ತಂತಿ ಹಿಡಿದಿರಬಾರದು. ಮೇಲೆ ಕೆಳಗೆ ಓಡುವ ಆಕ್ಸಿಸ್ ಆದರೆ ಮೋಟಾರ್ ಬೋಲ್ಟ್ ಬಿಚ್ಚುವ ಮೊದಲೇ ಕೆಳಗೆ ಗಟ್ಟಿ ಆಸರೆ ಕೊಡಿ. ಒಳಗಿನ ಬ್ರೇಕ್ ನಿಂತದ್ದನ್ನು ಹಿಡಿಯಲು ಮಾತ್ರ. ಮೋಟಾರೇ ಬಿಚ್ಚಿಕೊಂಡ ಮೇಲೆ ಆ ಬ್ರೇಕ್ ಯಾವುದನ್ನು ಹಿಡಿದೀತು?

ಕಪ್ಲಿಂಗ್ ಅಥವಾ ಪುಲ್ಲಿ ಬಿಗಿಯಾಗಿದೆ ಅಂತ ಸುತ್ತಿಗೆಯಲ್ಲಿ ಹೊಡೆಯಬೇಡಿ. ಶಾಫ್ಟಿನ ಆ ತುದಿಗೆ ಬಿದ್ದ ಏಟು ಈ ತುದಿಯ ಎನ್‌ಕೋಡರ್‌ಗೆ ನೇರ ಹೋಗುತ್ತದೆ. ಶಾಫ್ಟ್ ತುದಿಯಲ್ಲಿ ಥ್ರೆಡ್ ಇರುವ ತೂತು ಇದ್ದರೆ ಅದು ಇರುವುದೇ ಇದಕ್ಕೆ. ಬೋಲ್ಟ್, ವಾಷರ್ ಹಾಕಿ ನಿಧಾನವಾಗಿ ಒಳಗೆ ಎಳೆದುಕೊಳ್ಳಿ.

ಯು, ವಿ, ಡಬ್ಲ್ಯು ಕ್ರಮ ಮ್ಯಾನುಯಲ್‌ನಲ್ಲಿ ಇದ್ದ ಹಾಗೇ ಇರಲಿ. ಸಾದಾ ಇಂಡಕ್ಷನ್ ಮೋಟಾರಿನಂತೆ ಎರಡು ಫೇಸ್ ಅದಲು ಬದಲು ಮಾಡಿ ದಿಕ್ಕು ಬದಲಿಸಲು ಹೋದರೆ ಎನ್‌ಕೋಡರ್ ಒಂದು ಹೇಳುತ್ತದೆ, ಮೋಟಾರ್ ಇನ್ನೊಂದು ಮಾಡುತ್ತದೆ. ಡ್ರೈವ್ ಅಲಾರಂ ಕೊಟ್ಟು ನಿಲ್ಲಬಹುದು, ಮೋಟಾರ್ ಹತೋಟಿ ತಪ್ಪಿ ಓಡಲೂಬಹುದು. ದಿಕ್ಕನ್ನು ಪ್ಯಾರಾಮೀಟರ್‌ನಲ್ಲಿ ಬದಲಿಸಿ. ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕುವುದಾದರೆ ಕೇಬಲ್ಲನ್ನು ಡ್ರೈವ್‌ನಿಂದ ಬಿಚ್ಚಿಯೇ ಹಾಕಿ, ಎನ್‌ಕೋಡರ್ ತಂತಿಗಳಿಗಂತೂ ಬೇಡವೇ ಬೇಡ.

ಮೊದಲ ಸಲ ಓಡಿಸುವಾಗ ಸಾಧ್ಯವಾದರೆ ಲೋಡ್ ಬಿಚ್ಚಿರಿ, ಆದರೆ ಮೋಟಾರನ್ನು ಬೋಲ್ಟ್ ಹಾಕಿ ಕಟ್ಟಿರಲೇಬೇಕು. ಶಾಫ್ಟಿನ ಕೀ (ಅದರ ಸೀಳಿನಲ್ಲಿ ಕೂರುವ ಲೋಹದ ತುಂಡು) ಸಡಿಲವಾಗಿದ್ದರೆ ತೆಗೆದಿಡಿ, ತಿರುಗುವಾಗ ಅದು ಹಾರಿ ಬರುತ್ತದೆ. ಟಾರ್ಕ್ ಲಿಮಿಟ್ ಇಳಿಸಿ, ಕಡಿಮೆ ವೇಗದಲ್ಲಿ ಜಾಗ್ ಮಾಡಿ (ಬಟನ್ ಒತ್ತಿದಷ್ಟು ಹೊತ್ತು ಮಾತ್ರ ಓಡಿಸಿ). ಎಲ್ಲ ಸರಿ ಕಂಡ ಮೇಲೆ ಲೋಡ್ ಜೋಡಿಸಿ, ಅಕ್ಕಪಕ್ಕದ ಆಕ್ಸಿಸ್‌ಗಳನ್ನೂ ಒಟ್ಟಿಗೆ ಓಡಿಸಿ ನೋಡಿ, ಏಕೆಂದರೆ ನಾಯ್ಸ್ ಜಾಸ್ತಿ ಆಗುವುದು ಆಗಲೇ. ಎನ್‌ಕೋಡರ್ ಸಂಪರ್ಕದ ತಪ್ಪುಗಳನ್ನು ಎಣಿಸುವ ಕೌಂಟರ್ ಹಲವು ಡ್ರೈವ್‌ಗಳ ಮಾನಿಟರ್ ಮೆನುವಿನಲ್ಲಿ ಇರುತ್ತದೆ. ಅಲಾರಂ ಬರದಿದ್ದರೂ ಅದು ಒಂದೊಂದೇ ಏರುತ್ತಿದ್ದರೆ, ಐಸೊಲೇಟರ್ ಆಫ್ ಮಾಡಿ, ಹೇಳಿದಷ್ಟು ಹೊತ್ತು ಕಾದು, ಮತ್ತೆ ಆ ಕ್ಲ್ಯಾಂಪ್ ಹತ್ತಿರ ಹೋಗಿ.