ಸಾಯುತ್ತಿದ್ದ ಕೋಶಗಳ ಜಾಡು ಹಿಡಿದು

ಏಡ್ಸ್ ತರುವ, ಮುಂದೆ ಎಚ್‌ಐವಿ ಎನಿಸಿಕೊಂಡ, ಆಗಿನ್ನೂ ಹೆಸರಿಲ್ಲದ ವೈರಸ್ಸನ್ನು ಹುಡುಕುವುದು ಹೇಗೆ? ಅದಕ್ಕೆ ಹೊಂದುವ ಪ್ರತಿಕಾಯ ಕೈಲಿಲ್ಲ, ಜೀನ್‌ಗಳ ವಿವರ ಗೊತ್ತಿಲ್ಲ. 1982ರ ಕೊನೆಗೆ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ವಿಜ್ಞಾನಿ ಫ್ರಾನ್ಸ್ವಾಜ್ ಬಾರೆ-ಸಿನೂಸಿ ಎದುರಿಗಿದ್ದದ್ದು ಇದೇ ಪ್ರಶ್ನೆ. ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ರೆಟ್ರೋವೈರಸ್‌ಗಳ ಜೊತೆ ಅವರು ಅದಾಗಲೇ ಸುಮಾರು ಒಂದು ದಶಕ ಕಳೆದಿದ್ದರು. ಈ ಗುಂಪಿನ ವೈರಸ್‌ಗಳೆಲ್ಲ ತಮ್ಮ ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ಒಂದು ಕಿಣ್ವವನ್ನು ಹೊತ್ತು ತರುತ್ತವೆ: ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ವೈರಸ್ ಕಾಣದಿದ್ದರೂ ಅದರ ಕಿಣ್ವದ ಕೆಲಸವನ್ನು ಅಳೆಯಬಹುದು.

1983ರ ಜನವರಿ 3ರಂದು ರೋಗಿಯೊಬ್ಬರ ದುಗ್ಧಗ್ರಂಥಿಯ (ಲಿಂಫ್ ನೋಡ್) ಚೂರು ಬಂತು. ಅವರಿಗೆ ಏಡ್ಸ್ ಇನ್ನೂ ಬಲಿತಿರಲಿಲ್ಲ, ಗ್ರಂಥಿಗಳು ಊದಿಕೊಂಡಿದ್ದವು ಅಷ್ಟೆ. ನನ್ನ ಪ್ರಕಾರ ಈ ಆಯ್ಕೆಯಲ್ಲೇ ಅರ್ಧ ಗೆಲುವಿತ್ತು. ಕಾಯಿಲೆ ಕೊನೆಯ ಹಂತ ಮುಟ್ಟಿದಾಗ ವೈರಸ್ ಬೆಳೆಯಬೇಕಾದ ಸಿಡಿ4 ಟಿ-ಕೋಶಗಳೇ (ರೋಗನಿರೋಧಕ ಬಿಳಿ ರಕ್ತಕೋಶಗಳು) ಬಹುಪಾಲು ಖಾಲಿಯಾಗಿರುತ್ತವೆ.

ಗ್ರಂಥಿಯ ಕೋಶಗಳನ್ನು ಬಿಡಿಸಿ, ಅವು ವಿಭಜಿಸುವಂತೆ ಪ್ರಚೋದಿಸಿ, ಟಿ-ಕೋಶ ಬೆಳೆಯಲು ಬೇಕಾದ ಇಂಟರ್‌ಲ್ಯೂಕಿನ್-2 ಕೊಟ್ಟರು. ವೈರಸ್ ತಡೆಯುವ ಪ್ರೋಟೀನಾದ ಇಂಟರ್‌ಫೆರಾನನ್ನು ಕಟ್ಟಿಹಾಕುವ ಸೀರಮ್ಮನ್ನೂ ಸೇರಿಸಿದರು. ಕೋಶಗಳೇ ಇಂಟರ್‌ಫೆರಾನ್ ಸುರಿಸಿ ವೈರಸ್ಸನ್ನು ಅದುಮಿಬಿಟ್ಟರೆ ಅಳೆಯಲು ಏನೂ ಸಿಗುವುದಿಲ್ಲ. ಆಮೇಲೆ ಕೆಲವು ದಿನಗಳಿಗೊಮ್ಮೆ ಕೋಶಗಳ ಮೇಲಿನ ದ್ರವ ತೆಗೆದು ಪರೀಕ್ಷೆ. ಡಿಟರ್ಜೆಂಟ್ ಹಾಕಿದರೆ ವೈರಸ್ಸಿನ ಹೊದಿಕೆ ಒಡೆದು ಕಿಣ್ವ ಹೊರಬರುತ್ತದೆ. ಅದಕ್ಕೆ ಕೃತಕ ಆರ್‌ಎನ್‌ಎ ಎಳೆ, ಮೆಗ್ನೀಸಿಯಂ, ವಿಕಿರಣಶೀಲ ಥೈಮಿಡಿನ್ ಒದಗಿಸಿದರೆ ಕಿಣ್ವ ಡಿಎನ್‌ಎ ಹೆಣೆಯುತ್ತದೆ. ಎಷ್ಟು ವಿಕಿರಣ ಆ ಎಳೆಗೆ ಸೇರಿತೋ ಅಷ್ಟು ಕಿಣ್ವ. ಇಲ್ಲೊಂದು ಮೋಸವಿದೆ. ಕೋಶದ ಸ್ವಂತ ಡಿಎನ್‌ಎ ಪಾಲಿಮರೇಸ್‌ಗಳೂ (ಡಿಎನ್‌ಎ ಹೆಣೆಯುವ ಕಿಣ್ವಗಳು) ಸುಳ್ಳು ಸಂಕೇತ ಕೊಡಬಲ್ಲವು. ಹಾಗಾಗಿ ಆರ್‌ಎನ್‌ಎ ಬದಲು ಡಿಎನ್‌ಎ ಎಳೆ ಕೊಟ್ಟು ಹೋಲಿಸಿ ನೋಡಲೇಬೇಕು.

ಎರಡು ವಾರದ ಹೊತ್ತಿಗೆ ಕಿಣ್ವದ ಚಟುವಟಿಕೆ ಕಂಡಿತು, ಏರಿತು, ಮತ್ತೆ ಇಳಿಯತೊಡಗಿತು. ಜೊತೆಗೆ ಕೋಶಗಳೂ ಸಾಯುತ್ತಿದ್ದವು. ಕ್ಯಾನ್ಸರ್ ತರುವ ರೆಟ್ರೋವೈರಸ್‌ಗಳು ಕೋಶಗಳನ್ನು ಬೆಳೆಸುತ್ತವೆ, ಕೊಲ್ಲುವುದಿಲ್ಲ. ಆ ನಿರೀಕ್ಷೆಯಲ್ಲಿ ಕೂತವರು ಬೆಳೆಸಿದ ಕೋಶಗಳು ಕೆಟ್ಟವೆಂದು ಚೆಲ್ಲುತ್ತಿದ್ದರೇನೋ. ಇವರು ರಕ್ತದಾನಿಯೊಬ್ಬರ ಹೊಸ ಲಿಂಫೋಸೈಟ್‌ಗಳನ್ನು (ಟಿ-ಕೋಶಗಳೂ ಸೇರಿದ ಬಿಳಿ ರಕ್ತಕೋಶಗಳು) ಸೇರಿಸಿದರು. ಕಿಣ್ವ ಮತ್ತೆ ಏರಿತು, ಹೊಸ ಕೋಶಗಳೂ ಸಾಯತೊಡಗಿದವು. ಫೆಬ್ರವರಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ವೈರಸ್ ಕಂಡಿತು, ಮೇ 20ರಂದು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಬಂತು. 2008ರ ನೊಬೆಲ್‌ನಲ್ಲಿ ಬಾರೆ-ಸಿನೂಸಿ ಅವರಿಗೂ ತಂಡದ ಮುಖ್ಯಸ್ಥ ಲುಕ್ ಮೊಂತಾನಿಯೇ ಅವರಿಗೂ ಪಾಲು ಸಿಕ್ಕಿತು.

ಬಾರೆ-ಸಿನೂಸಿಯವರ ಮುಂದಿನ ಕೆಲಸ ಅಷ್ಟು ಸುದ್ದಿಯಾಗಲಿಲ್ಲ, ಆದರೆ ಹೆಚ್ಚು ಕುತೂಹಲದ್ದು ಅದೇ. ಆಫ್ರಿಕಾದ ಹಸಿರು ಕೋತಿಗಳಲ್ಲಿ ಎಚ್‌ಐವಿಯ ಸೋದರ ವೈರಸ್ ಎಸ್‌ಐವಿ ಇರುತ್ತದೆ. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ವೈರಸ್ ಪ್ರತಿಗಳಿದ್ದರೂ ಅವಕ್ಕೆ ಸಾಮಾನ್ಯವಾಗಿ ಏಡ್ಸ್ ಬರುವುದಿಲ್ಲ. ಏಷ್ಯಾದ ಮಕಾಕ್ ಕೋತಿಗೆ ಬರುತ್ತದೆ. ಸೋಂಕು ತಗುಲಿದೊಡನೆ ಎರಡರಲ್ಲೂ ಇಂಟರ್‌ಫೆರಾನ್ ಪ್ರತಿಕ್ರಿಯೆ ಜೋರಾಗಿಯೇ ಏಳುತ್ತದೆ. ಹಸಿರು ಕೋತಿಯಲ್ಲಿ ಕೆಲವೇ ವಾರಗಳಲ್ಲಿ ಅದು ತಣ್ಣಗಾಗುತ್ತದೆ; ಮಕಾಕ್‌ನಲ್ಲಿ ಹೊತ್ತಿ ಉರಿಯುತ್ತಲೇ ಇರುತ್ತದೆ. ಕರುಳಿನ ಗೋಡೆ ಹಾಳಾಗಿ ಬ್ಯಾಕ್ಟೀರಿಯಾದ ಅಂಶಗಳು ರಕ್ತಕ್ಕೆ ಸೋರುತ್ತವೆ, ಉರಿಯೂತ ಇನ್ನಷ್ಟು ಹೆಚ್ಚುತ್ತದೆ. ಪ್ರಚೋದನೆಗೊಂಡ ಸಿಡಿ4 ಕೋಶದಲ್ಲೇ ವೈರಸ್ ಸಲೀಸಾಗಿ ಬೆಳೆಯುವುದರಿಂದ, ಅತಿಯಾದ ಪ್ರತಿರೋಧ ಶತ್ರುವಿಗೇ ಅನ್ನ ಹಾಕುತ್ತದೆ.

ಮನುಷ್ಯರಲ್ಲೂ ಶೇ. 1ಕ್ಕಿಂತ ಕಡಿಮೆ ಸೋಂಕಿತರು ಔಷಧವಿಲ್ಲದೆ ವೈರಸ್ಸನ್ನು ಹತೋಟಿಯಲ್ಲಿಡುತ್ತಾರೆ. ಇವರಲ್ಲಿ ಹಲವರ ಸಿಡಿ8 ಕೋಶಗಳು ಸೋಂಕಿತ ಕೋಶಗಳನ್ನು ಚುರುಕಾಗಿ ಕೊಲ್ಲುತ್ತವೆ; ಎಚ್‌ಎಲ್‌ಎ-ಬಿ57, ಬಿ27 ಎಂಬ ಆನುವಂಶಿಕ ಮಾದರಿಗಳು ಇವರಲ್ಲಿ ಹೆಚ್ಚು. 2013ರಲ್ಲಿ ಪ್ರಕಟವಾದ ವಿಸ್ಕಾಂಟಿ ಅಧ್ಯಯನದ 14 ಜನ ಮಾತ್ರ ಬೇರೆಯೇ ಬಗೆ. ಸೋಂಕು ತಗುಲಿ ಸುಮಾರು ಹತ್ತು ವಾರದೊಳಗೆ ಔಷಧ ಶುರು ಮಾಡಿ, ಕೆಲವು ವರ್ಷ ತೆಗೆದುಕೊಂಡು ನಿಲ್ಲಿಸಿದವರು; ಆಮೇಲೂ ವರ್ಷಗಟ್ಟಲೆ ವೈರಸ್ ಹತೋಟಿಯಲ್ಲಿತ್ತು. ಆ ಅದೃಷ್ಟದ ಎಚ್‌ಎಲ್‌ಎ ಇವರಲ್ಲಿ ಹೆಚ್ಚಿನವರಿಗಿರಲಿಲ್ಲ, ಸಿಡಿ8 ಪ್ರತಿಕ್ರಿಯೆಯೂ ದುರ್ಬಲ. ಬೇಗ ಔಷಧ ಬಿದ್ದದ್ದರಿಂದ ವೈರಸ್ ಅಡಗುವ ಕೋಶಗಳ ದಾಸ್ತಾನೇ ಚಿಕ್ಕದಾಗಿ ಉಳಿದಿತ್ತು.

ಇದನ್ನೋದಿ ಯಾರೂ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಮಾತ್ರೆ ಬಿಡಬಾರದು. ಔಷಧ ನಿಲ್ಲಿಸಿದ ಬಹುತೇಕರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ವೈರಸ್ ಮರಳುತ್ತದೆ. ಬಿಟ್ಟುಬಿಟ್ಟು ಔಷಧ ಕೊಟ್ಟು ನೋಡಿದ ‘ಸ್ಮಾರ್ಟ್’ ಪ್ರಯೋಗದಲ್ಲಿ ಕಾಯಿಲೆಯೂ ಸಾವೂ ಹೆಚ್ಚಿದ್ದು 2006ರಲ್ಲೇ ವರದಿಯಾಗಿದೆ.