ಚಂದ್ರನಿಂದ ಬಂದವರಿಗೆ 21 ದಿನ

1969ರ ಜುಲೈ 24. ಪೆಸಿಫಿಕ್ ಸಾಗರದಲ್ಲಿ ಅಪೊಲೊ 11ರ ನೌಕೆ ಅಲೆಗಳ ಮೇಲೆ ತೂಗಾಡುತ್ತಿತ್ತು. ಮೈತುಂಬ ರಕ್ಷಣಾ ಉಡುಪು ತೊಟ್ಟ ನೌಕಾಪಡೆಯ ಈಜುಗಾರನೊಬ್ಬ ಅದರ ಬಾಗಿಲು ತೆಗೆದು, ಅಂಥವೇ ಮೂರು ಉಡುಪುಗಳನ್ನು ಒಳಕ್ಕೆಸೆದು ಬಾಗಿಲು ಮುಚ್ಚಿದ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಅವನ್ನು ತೊಟ್ಟು ರಬ್ಬರ್ ದೋಣಿಗೆ ಇಳಿದರು. ಬಾಗಿಲ ಸುತ್ತ ಅಯೋಡಿನ್ ದ್ರಾವಣ ಬಳಿದದ್ದಾಯಿತು, ಅವರ ಉಡುಪನ್ನು ಬ್ಲೀಚ್ ಹಾಕಿ ಒರೆಸಿದ್ದೂ ಆಯಿತು. ಹಾರ್ನೆಟ್ ಹಡಗು ಸೇರಿದ ಕೂಡಲೇ ಮೂವರನ್ನೂ ಒಂದು ಟ್ರೇಲರ್ ಗಾಡಿಯೊಳಗೆ ಕಳಿಸಿ ಬಾಗಿಲು ಭದ್ರಪಡಿಸಿದರು. ಗಾಡಿಯೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಸಂದಿ ಬಿಟ್ಟರೂ ಗಾಳಿ ಒಳಗೆ ಹೋಗಬೇಕೇ ಹೊರತು ಹೊರಗೆ ಬರಬಾರದು. ಅಧ್ಯಕ್ಷ ನಿಕ್ಸನ್ ಕೂಡ ಕಿಟಕಿಯಾಚೆ ನಿಂತೇ ಮಾತಾಡಿಸಿದರು. ಚಂದ್ರನಿಂದ ರೋಗಾಣು ಅಂಟಿ ಬಂದಿದ್ದೀತೆಂಬ ಅಂಜಿಕೆಗೆ, ಚಂದ್ರನನ್ನು ಬಿಟ್ಟ ದಿನದಿಂದ ಲೆಕ್ಕ ಹಾಕಿ 21 ದಿನ ಈ ದಿಗ್ಬಂಧನ.

ಮೈಕೆಲ್ ಕ್ರೈಟನ್ ಅವರ ‘ದಿ ಆಂಡ್ರೊಮಿಡಾ ಸ್ಟ್ರೇನ್’ ಕಾದಂಬರಿ ಹೊರಬಂದದ್ದೂ ಅದೇ ವರ್ಷ. ಬಾಹ್ಯಾಕಾಶದಿಂದ ಬಂದ ಜೀವಿಯೊಂದು ಒಂದು ಊರನ್ನೇ ಕೊಲ್ಲುವ ಕತೆ ಅದು. ಆದರೆ ನಾಸಾ ಕತೆ ಓದಿ ಹೆದರಿದ್ದಲ್ಲ. ಚಂದ್ರನ ಕಲ್ಲುಮಣ್ಣಿಗಾಗಿ ಹ್ಯೂಸ್ಟನ್‌ನಲ್ಲಿ ಪ್ರಯೋಗಾಲಯ ಕಟ್ಟಿಸುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. ಅಲ್ಲಿ ಚಂದ್ರನ ದೂಳನ್ನು ಇಲಿ, ಮೀನು, ಜಿರಳೆಗಳ ಮೇಲೆ ಪರೀಕ್ಷಿಸಿದರು, ಸಸಿಗಳಿಗೂ ತಾಗಿಸಿದರು. ಯಾವುದಕ್ಕೂ ರೋಗ ಬರಲಿಲ್ಲ.

ಬೇರೆ ಲೋಕದ ಸೂಕ್ಷ್ಮಜೀವಿ ನಮಗೆ ಅಂಟೀತೇ? ಅಡಿಕೆಯ ಕೊಳೆರೋಗ ತೋಟದವರಿಗೆ ಅಂಟುವುದಿಲ್ಲ. ನಮ್ಮ ಜೀವಕೋಶದೊಳಗೆ ನುಗ್ಗುವ ದಾರಿಯನ್ನು ರೋಗಾಣು ವಿಕಾಸದ ಹಾದಿಯಲ್ಲಿ ಕಲಿತಿರಬೇಕು. ನಮ್ಮನ್ನು ಕಂಡೇ ಇರದ ಜೀವಿಗೆ ಆ ಕೀಲಿಕೈ ಎಲ್ಲಿಂದ ಬರಬೇಕು? ಈ ವಾದ ಗಟ್ಟಿಯಾದದ್ದೇ, ಆದರೆ ನನಗೆ ಪೂರ್ತಿ ಸಮಾಧಾನವಿಲ್ಲ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ ಕಪ್ಪು ಶಿಲೀಂಧ್ರ ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಬದುಕುವಂಥದ್ದು. ಅದಕ್ಕೆ ಮನುಷ್ಯನೇ ಬೇಕೆಂದಿಲ್ಲ. ಮೈಯ ಪ್ರತಿರೋಧ ಕುಗ್ಗಿ, ರಕ್ತದಲ್ಲಿ ಸಕ್ಕರೆ ಏರಿದಾಗ ಅದೇ ಶಿಲೀಂಧ್ರ ಎಷ್ಟೋ ಜನರ ಕಣ್ಣು ಕಿತ್ತುಕೊಂಡಿತು.

ಹಾಗಾಗಿ ನನ್ನ ಮನಸ್ಸು ಮತ್ತೆ ಮತ್ತೆ ಸಾಗರದ ನಡುವಿನ ಆ ಬಾಗಿಲಿಗೇ ಹೋಗುತ್ತದೆ. ಗಗನಯಾತ್ರಿಗಳ ಬಟ್ಟೆಗೆ ಮೆತ್ತಿಕೊಂಡ ಚಂದ್ರನ ದೂಳು ನೌಕೆಯೊಳಗೂ ಬಂದಿತ್ತು. ಬಾಗಿಲು ತೆರೆದ ಗಳಿಗೆಯಲ್ಲೇ ಒಳಗಿನ ಗಾಳಿ ಸಾಗರದ ಗಾಳಿಯೊಂದಿಗೆ ಬೆರೆಯಿತು. ರೋಗಾಣು ಇದ್ದಿದ್ದರೆ ಹ್ಯೂಸ್ಟನ್ನಿನ ಅಷ್ಟೂ ಕಾವಲು ತಡವಾದಂತೆಯೇ. ಹಾಗೆಂದು ದಣಿದ ಮೂವರನ್ನು ಅಲೆಗಳ ಹೊಯ್ದಾಟದಲ್ಲಿ ಒಳಗೇ ಕೂಡಿಡುವುದೂ ಸುಲಭದ ಮಾತಲ್ಲ. ಆ ಹೊತ್ತಿಗೆ ಮನುಷ್ಯರ ಕ್ಷೇಮವೇ ಮುಂದಾಯಿತು.

ಅಪೊಲೊ 14ರ ನಂತರ ಈ ದಿಗ್ಬಂಧನವನ್ನೇ ಕೈಬಿಟ್ಟರು. ಚಂದ್ರನಲ್ಲಿ ಜೀವವಿಲ್ಲವೆಂದು ಅಷ್ಟರಲ್ಲಿ ಖಾತ್ರಿಯಾಗಿತ್ತು.

ಮಂಗಳದ ಬಗ್ಗೆ ಹಾಗೆ ಹೇಳುವಂತಿಲ್ಲ. ಅಲ್ಲಿಂದ ಮಾದರಿ ತರುವ ಯೋಜನೆ ರೂಪಿಸಿದವರು ಹಾಕಿಕೊಂಡ ನಿಯಮ ಕಟ್ಟುನಿಟ್ಟಿನದು: ಮಂಗಳದ ದೂಳು ಸೋಕಿದ ಯಾವ ಮೇಲ್ಮೈಯೂ ಬಯಲಾಗಿ ಭೂಮಿಗೆ ಬರಕೂಡದು. ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳದ ಜೆಜೆರೊ ಕುಳಿಯ ನೆಲದ ಮೇಲೆ ಇಟ್ಟು ಬಂದ 10 ಟೈಟಾನಿಯಂ ಮಾದರಿ ಕೊಳವೆಗಳು 2023ರ ಜನವರಿಯಿಂದ ಬಾಯಿ ಬಿಗಿದುಕೊಂಡು ಅಲ್ಲೇ ಬಿದ್ದಿವೆ.