ಫಿಲ್ಮ್ ಕ್ಯಾಮೆರಾದ ಬ್ಯಾಟರಿ: 1.35 ವೋಲ್ಟಿನ ಗೊಂದಲ ಬಿಡಿಸಿಕೊಂಡ ಟಿಪ್ಪಣಿ

ಹಳೆಯ ಫಿಲ್ಮ್ ಕ್ಯಾಮೆರಾಗೆ ಬ್ಯಾಟರಿ ಹುಡುಕುವ ಮೊದಲು, ಆ ಬ್ಯಾಟರಿ ಅದರೊಳಗೆ ಏನು ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಬೇಕು. ಯಾವ ಸೆಲ್ ನಡೆಯುತ್ತದೆ, ಯಾವುದು ಕೈಕೊಡುತ್ತದೆ ಅನ್ನುವುದೆಲ್ಲ ಅದರ ಮೇಲೇ ನಿಂತಿದೆ.

ಕೆಲವು ಕ್ಯಾಮೆರಾಗಳಲ್ಲಿ ಬ್ಯಾಟರಿ ಇರುವುದು ಲೈಟ್ ಮೀಟರಿಗೆ (ಬೆಳಕು ಅಳೆಯುವ ಸಾಧನಕ್ಕೆ) ಮಾತ್ರ. ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಬಾಗಿಲು, ಪೂರ್ತಿ ಸ್ಪ್ರಿಂಗು, ಹಲ್ಲುಚಕ್ರಗಳಿಂದಲೇ ನಡೆಯುತ್ತದೆ. ಪೆಂಟ್ಯಾಕ್ಸ್ ಕೆ1000, ಒಲಿಂಪಸ್ ಓಎಂ-1, ನಿಕಾನ್ ಎಫ್‌ಎಂ2 ಈ ಗುಂಪಿನವು. ಬ್ಯಾಟರಿ ಸತ್ತರೂ ಫೋಟೊ ತೆಗೆಯಬಹುದು, ಬೆಳಕನ್ನು ನಾವೇ ಅಂದಾಜು ಮಾಡಬೇಕು ಅಷ್ಟೇ. ಇನ್ನು ಕೆಲವದರಲ್ಲಿ ಶಟರಿಗೂ ಕರೆಂಟ್ ಬೇಕು. 1976ರ ಕ್ಯಾನನ್ ಎಇ-1 ಬ್ಯಾಟರಿ ಇಲ್ಲದೆ ಕ್ಲಿಕ್ ಆಗುವುದೇ ಇಲ್ಲ. ನಿಕಾನ್ ಎಫ್‌ಇ2 ಇವೆರಡರ ನಡುವಿನದು: ಬ್ಯಾಟರಿ ಹೋದರೆ ಡಯಲನ್ನು ಎಂ250ಕ್ಕೆ ತಿರುಗಿಸಿ 1/250 ಸೆಕೆಂಡಿನಲ್ಲಿ ಕೆಲಸ ಮುಂದುವರಿಸಬಹುದು. ಕೊನೆಗೆ ಮೋಟರ್ ಇರುವವು, ಅಂದರೆ ಫಿಲ್ಮ್ ಸುತ್ತುವುದು, ಫೋಕಸ್ ಮಾಡುವುದು ಎಲ್ಲ ಬ್ಯಾಟರಿಯಿಂದಲೇ. 1987ರ ಕ್ಯಾನನ್ ಇಓಎಸ್ 650 ಹಾಗಿನದು. ಅದಕ್ಕೆ 6 ವೋಲ್ಟಿನ 2ಸಿಆರ್5 ಲಿಥಿಯಂ ಬ್ಯಾಟರಿ ಬೇಕು.

ಹೆಸರಿನ ಮೊದಲ ಅಕ್ಷರ ನೋಡಿ

ಸೆಲ್ಲುಗಳ ಹೆಸರು ನೋಡಿದರೆ ತಲೆ ಗಿರ್ ಅನ್ನುತ್ತದೆ. ಒಂದೇ ಸೆಲ್ಲಿಗೆ ನಾಲ್ಕೈದು ಹೆಸರು ಇರುತ್ತವೆ. ಆದರೆ ಅಂತರರಾಷ್ಟ್ರೀಯ ಪದ್ಧತಿಯ ಹೆಸರು ಸಿಕ್ಕರೆ ಸಾಕು, ಮೊದಲ ಅಕ್ಷರವೇ ಒಳಗೇನಿದೆ ಅಂತ ಹೇಳಿಬಿಡುತ್ತದೆ. ಎಲ್ ಅಂದರೆ ಆಲ್ಕಲೈನ್. ಎಸ್ ಅಂದರೆ ಸಿಲ್ವರ್ ಆಕ್ಸೈಡ್. ಸಿ ಅಂದರೆ ಲಿಥಿಯಂ. ಪಿ ಅಂದರೆ ಜಿಂಕ್-ಏರ್. ಎಂ ಅಂದರೆ ಪಾದರಸ. ಆಮೇಲಿನ ಆರ್, ಸೆಲ್ ಗುಂಡಗಿದೆ ಅನ್ನುವುದಕ್ಕೆ. ಅದರ ಮುಂದಿನ ಸಂಖ್ಯೆ ಅಳತೆಗೆ.

ಇದು ಗೊತ್ತಾದ ಮೇಲೆ ಎಷ್ಟೋ ವಿಷಯ ತಾನಾಗೇ ಬಿಡಿಸಿಕೊಳ್ಳುತ್ತದೆ. ಎಲ್‌ಆರ್44, ಎಸ್‌ಆರ್44, ಪಿಆರ್44 ಮೂರೂ ಒಂದೇ ಗಾತ್ರ: 11.6 ಮಿ.ಮೀ ಅಗಲ, 5.4 ಮಿ.ಮೀ ಎತ್ತರ. ಒಳಗಿನ ರಸಾಯನ ಮಾತ್ರ ಬೇರೆ. ಪಿಆರ್44 ಅಂದರೆ ಕಿವಿ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ಲೇ. 4ಎಲ್‌ಆರ್44 ಅಂದರೆ ನಾಲ್ಕು ಎಲ್‌ಆರ್44 ಒಂದರ ಮೇಲೊಂದು, ಅಂದರೆ 6 ವೋಲ್ಟ್. ಎಇ-1ಕ್ಕೆ ಬೇಕಾದದ್ದು ಇದೇ. ಸಿಆರ್1/3ಎನ್ ಅನ್ನುವ 3 ವೋಲ್ಟಿನ ಲಿಥಿಯಂ ಸೆಲ್ ಸರಿಯಾಗಿ ಎರಡು ಎಸ್‌ಆರ್44ರ ಜಾಗದಲ್ಲಿ ಕೂರುತ್ತದೆ. ಅದಕ್ಕೇ ಎಫ್‌ಎಂ2, ಲೈಕಾ ಎಂ6ಗಳಿಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಎಲ್‌ಆರ್9 ಮತ್ತು ಎಂಆರ್9 ಕೂಡ ಒಂದೇ ಗಾತ್ರ. ಅಂಗಡಿಯಲ್ಲಿ 625 ಅಂತ ಕರೆಯುವುದು ಇದನ್ನೇ. ಮುಖ್ಯ ತಲೆನೋವು ಶುರುವಾಗುವುದು ಇಲ್ಲೇ.

ಪಾದರಸದ ಸೆಲ್ ಹೋಯಿತು, ಮೀಟರ್ ಉಳಿಯಿತು

1960, 70ರ ದಶಕಗಳ ತುಂಬಾ ಕ್ಯಾಮೆರಾಗಳ ಮೀಟರನ್ನು ಪಾದರಸದ ಸೆಲ್ಲಿಗೆ ಅಂತಲೇ ಮಾಡಿದ್ದರು. ಓಎಂ-1, ಮಿನೋಲ್ಟಾ ಎಸ್‌ಆರ್‌ಟಿ 101, ರೋಲೈ 35 ಎಲ್ಲ ಈ ಸಾಲಿನವು. ಆ ಸೆಲ್ 1.35 ವೋಲ್ಟ್ ಕೊಡುತ್ತಿತ್ತು. ಮುಗಿಯುವ ಗಳಿಗೆವರೆಗೂ ಹೆಚ್ಚುಕಮ್ಮಿ ಅಷ್ಟನ್ನೇ ಕೊಡುತ್ತಿತ್ತು, ಆಮೇಲೆ ಒಮ್ಮೆಲೇ ಕುಸಿಯುತ್ತಿತ್ತು. ಅಷ್ಟು ಸ್ಥಿರವಾಗಿದ್ದರಿಂದ ಮೀಟರಿನೊಳಗೆ ವೋಲ್ಟೇಜ್ ಸರಿಪಡಿಸುವ ಸರ್ಕ್ಯೂಟನ್ನೇ ಇಡುತ್ತಿರಲಿಲ್ಲ. ಸೆಲ್ಲೇ ಅಳತೆಗೋಲು. ಪಾದರಸ ವಿಷ ಅಂತ ಅಮೆರಿಕ 1996ರ ಕಾನೂನಿನಲ್ಲಿ ಇವುಗಳ ಮಾರಾಟ ನಿಲ್ಲಿಸಿತು. ಬೇರೆ ದೇಶಗಳಲ್ಲೂ ಇವು ಅಂಗಡಿಯಿಂದ ಮರೆಯಾದವು. ನಿಲ್ಲಿಸಿದ್ದು ಸರಿಯೇ. ಆದರೆ ಮೀಟರುಗಳು ಇನ್ನೂ 1.35ನ್ನೇ ಕೇಳುತ್ತಿವೆ.

ಈಗ ಅದೇ ಗಾತ್ರದಲ್ಲಿ ಸಿಗುವುದು ಆಲ್ಕಲೈನ್ 625, ಅಂದರೆ 1.5 ವೋಲ್ಟ್. ಹಾಕಿದರೆ ಮೀಟರಿನ ಮುಳ್ಳು ಅಲ್ಲಾಡುತ್ತದೆ, ಎಲ್ಲ ಸರಿ ಅನ್ನಿಸುತ್ತದೆ. ತಪ್ಪು ಯಾವ ಕಡೆಗೆ ಆಗುತ್ತದೆ ಅನ್ನುವುದೇ ನನಗೆ ತುಂಬಾ ಹೊತ್ತು ತಲೆಗೆ ಹೋಗದ ವಿಷಯ. ಅದಕ್ಕೆ ಇಲ್ಲಿ ಒಂದೊಂದೇ ಹೆಜ್ಜೆ ಬರೆಯುತ್ತೇನೆ.

ವೋಲ್ಟೇಜ್ ಜಾಸ್ತಿ ಆದರೆ ಮೀಟರಿನಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ಮುಳ್ಳು ಹೆಚ್ಚು ಏಳುತ್ತದೆ. ಮುಳ್ಳಿಗೆ ವೋಲ್ಟೇಜ್ ಗೊತ್ತಿಲ್ಲ, ಬೆಳಕೇ ಜಾಸ್ತಿ ಇದೆ ಅಂತ ತೋರಿಸುತ್ತದೆ. ನಾವು ಅದನ್ನು ನಂಬಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡುತ್ತೇವೆ. ಫಿಲ್ಮಿಗೆ ಬೆಳಕು ಕಮ್ಮಿ ಬೀಳುತ್ತದೆ. ನೆಗೆಟಿವ್ ತೆಳ್ಳಗಾಗುತ್ತದೆ, ನೆರಳಿನ ವಿವರ ಹೋಗುತ್ತದೆ.

ಸಂಖ್ಯೆ ಹಾಕಿ ನೋಡೋಣ. ತಪ್ಪು ಸರಿಯಾಗಿ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು ಆಗುವ ಒಂದು ಹೆಜ್ಜೆ, ಅಂತ ಇಟ್ಟುಕೊಳ್ಳಿ (ನಿಜದಲ್ಲಿ ಇದು ಕ್ಯಾಮೆರಾದಿಂದ ಕ್ಯಾಮೆರಾಗೆ ಬೇರೆ). ಫಿಲ್ಮ್ 400 ಎಎಸ್‌ಎ (ಅದು ಬೆಳಕನ್ನು ಎಷ್ಟು ಚುರುಕಾಗಿ ಹಿಡಿಯುತ್ತದೆ ಅನ್ನುವ ಅಂಕಿ), ಒಳ್ಳೆ ಬಿಸಿಲು, ಸರಿಯಾದ ಲೆಕ್ಕ 1/500 ಮತ್ತು ಎಫ್/16. ಹೊಸ ಆಲ್ಕಲೈನ್ ಹಾಕಿದ ಮೀಟರ್ ಎಫ್/22 ಅನ್ನುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಫಿಲ್ಮಿಗೆ ಅರ್ಧ ಬೆಳಕು.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ: ಎಎಸ್‌ಎ ಡಯಲನ್ನು 400ರ ಬದಲು 200ಕ್ಕೆ ಇಡಿ. ಸಂಖ್ಯೆ ಇಳಿಸಬೇಕೋ ಏರಿಸಬೇಕೋ ಅಂತ ಪ್ರತಿ ಸಲ ಅನುಮಾನ ಬರುತ್ತದೆ, ಅಲ್ವಾ? ಹೀಗೆ ನೆನಪಿಟ್ಟುಕೊಳ್ಳಿ: ಕಮ್ಮಿ ಸಂಖ್ಯೆಯ ಫಿಲ್ಮಿಗೆ ಬೆಳಕು ಜಾಸ್ತಿ ಬೇಕು. 200 ಅಂತ ಹೇಳಿದರೆ ಮೀಟರ್ ಒಂದು ಸ್ಟಾಪ್ ಜಾಸ್ತಿ ಬೆಳಕು ಕೇಳುತ್ತದೆ. ಎಫ್/22 ಇದ್ದದ್ದು ಎಫ್/16ಕ್ಕೆ ವಾಪಸ್. ಸರಿಹೋಯಿತು.

ಆದರೆ ಸರಿಹೋಗಿದ್ದು ಇವತ್ತಿಗೆ ಮಾತ್ರ. ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ಬಳಸುತ್ತಾ ಬಳಸುತ್ತಾ ಇಳಿಯುತ್ತದೆ. 1.5ರಿಂದ ಶುರುವಾಗಿ ಒಂದು ದಿನ 1.35ಕ್ಕೆ ಬರುತ್ತದೆ. ಆ ದಿನ ಮೀಟರ್ ತಾನಾಗೇ ಸರಿ ಇರುತ್ತದೆ, ಆದರೆ ಡಯಲ್ ಇನ್ನೂ 200ರಲ್ಲೇ ಇದೆ. ಅದೇ ಬಿಸಿಲಿಗೆ ಈಗ ಎಫ್/11 ಅನ್ನುತ್ತದೆ, ಒಂದು ಸ್ಟಾಪ್ ಜಾಸ್ತಿ. ಸೆಲ್ ಇನ್ನೂ ಕೆಳಗಿಳಿದರೆ ಮೀಟರ್ ಬೆಳಕನ್ನು ಕಮ್ಮಿ ಓದುತ್ತದೆ, ಎರಡೂ ತಪ್ಪು ಒಂದೇ ಕಡೆಗೆ ಸೇರಿಕೊಳ್ಳುತ್ತವೆ. ಅಳೆಯುತ್ತಿರುವಾಗಲೇ ಕುಗ್ಗುವ ಟೇಪ್ ಹಿಡಿದು ಬಟ್ಟೆ ಅಳೆದ ಹಾಗೆ ಇದು. ಮೊದಲ ದಿನದ ಲೆಕ್ಕ ಸರಿಮಾಡಿದರೂ ಆಮೇಲಿನ ದಿನಗಳದ್ದು ತಪ್ಪುತ್ತದೆ.

ಹಾಗಾಗಿ ನನಗೆ ಅರ್ಥವಾದದ್ದು: 1.35 ಮತ್ತು 1.5ರ ನಡುವಿನ ಅಂತರ ಚಿಕ್ಕ ಸಮಸ್ಯೆ. ವೋಲ್ಟೇಜ್ ಒಂದೇ ಕಡೆ ನಿಲ್ಲದಿರುವುದೇ ದೊಡ್ಡ ಸಮಸ್ಯೆ. ಅಂತರ ಸ್ಥಿರವಾಗಿದ್ದರೆ ಹೊಂದಿಸಿಕೊಳ್ಳಬಹುದು. ಆಗಲೂ ಒಂದು ಎಚ್ಚರಿಕೆ: ಕಡು ಬಿಸಿಲಿನಲ್ಲಿ ಇರುವಷ್ಟೇ ತಪ್ಪು ಮಬ್ಬು ಬೆಳಕಿನಲ್ಲೂ ಇರಬೇಕು ಅಂತೇನಿಲ್ಲ. ನಂಬಿಕಸ್ತ ಇನ್ನೊಂದು ಮೀಟರ್ ಪಕ್ಕದಲ್ಲಿಟ್ಟು ಬಿಸಿಲು, ನೆರಳು, ಕೋಣೆಯೊಳಗೆ ಮೂರೂ ಕಡೆ ಹೋಲಿಸಿ ನೋಡಿ.

ಎಲ್ಲ ಪಾದರಸ ಕ್ಯಾಮೆರಾಗಳಿಗೂ ಈ ಕಾಟ ಇಲ್ಲ. 1964ರ ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿ ಬ್ರಿಜ್ ಸರ್ಕ್ಯೂಟ್ ಇದೆ. ಎರಡು ಕಡೆಯ ಪ್ರತಿರೋಧ ಸಮ ಆದಾಗ ಮುಳ್ಳು ನಡುವಿಗೆ ಬರುತ್ತದೆ. ಆ ಸಮತೋಲನದಲ್ಲಿ ಮುಳ್ಳಿನ ಮೂಲಕ ಕರೆಂಟೇ ಹರಿಯುವುದಿಲ್ಲ. ಹಾಗಾಗಿ ವೋಲ್ಟೇಜ್ ಸ್ವಲ್ಪ ಆಚೀಚೆ ಆದರೂ ಓದು ಬದಲಾಗುವುದಿಲ್ಲ. ಇದನ್ನು ಯೋಚಿಸಿದವರ ಜಾಣ್ಮೆಗೆ ಕೈಮುಗಿಯಬೇಕು.

ಹಾಗಾದರೆ ಏನು ಹಾಕುವುದು

ಎರಡು ಒಳ್ಳೆ ದಾರಿ ಇವೆ. ಮೊದಲನೆಯದು ಜಿಂಕ್-ಏರ್. 675ರ ಸೆಲ್ ಸುಮಾರು 1.4 ವೋಲ್ಟ್ ಕೊಡುತ್ತದೆ, ಇರುವಷ್ಟು ದಿನ ಚೆನ್ನಾಗಿ ನಿಲ್ಲುತ್ತದೆ. ಅದರ ಬೆನ್ನಿಗೆ ಬಣ್ಣದ ಸ್ಟಿಕ್ಕರ್ ಇರುತ್ತದೆ. ಕಿತ್ತರೆ ಸಣ್ಣ ತೂತುಗಳು ಕಾಣುತ್ತವೆ, ಗಾಳಿ ಒಳಗೆ ಹೋಗುವುದು ಅಲ್ಲಿಂದ. ಕಿತ್ತ ತಕ್ಷಣ ಹಾಕಬೇಡಿ, ಒಂದೆರಡು ನಿಮಿಷ ಹೊರಗಿಟ್ಟು ಗಾಳಿ ಕುಡಿಯಲು ಬಿಡಿ. ತೊಂದರೆ ಏನೆಂದರೆ ಒಮ್ಮೆ ಗಾಳಿ ಸೋಕಿದ ಮೇಲೆ ಬಳಸಿದರೂ ಬಳಸದಿದ್ದರೂ ಒಣಗುತ್ತಾ ಹೋಗುತ್ತದೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ದಿನಾ ಫೋಟೊ ತೆಗೆಯುವವರಿಗೆ ಇದು ಸರಿ.

ಎರಡನೆಯದು ಸಿಲ್ವರ್ ಆಕ್ಸೈಡ್ ಜೊತೆ ಡಯೋಡ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗ. ಸಿಲ್ವರ್ ಆಕ್ಸೈಡ್ ಸೆಲ್ 1.55 ವೋಲ್ಟಿನದು, ಪಾದರಸದ ಹಾಗೆಯೇ ಕೊನೆವರೆಗೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಸರಿಯಾಗಿ ಆರಿಸಿದ ಶಾಟ್ಕಿ ಡಯೋಡ್ ದಾರಿಯಲ್ಲಿ ಸುಮಾರು 0.2 ವೋಲ್ಟ್ ತಿನ್ನುತ್ತದೆ. ಉಳಿಯುವುದು 1.35. ಎಂಆರ್-9 ಅಡಾಪ್ಟರ್ ಅಂತ ಸಿಗುವುದು ಇದೇ ಕೆಲಸಕ್ಕೆ: 625ರ ಆಕಾರದ ಲೋಹದ ಬಟ್ಟಲು, ಒಳಗೆ ವೋಲ್ಟೇಜ್ ಇಳಿಸುವ ವ್ಯವಸ್ಥೆ, ನಡುವೆ ಎಸ್‌ಆರ್43 ಸೆಲ್. ಒಮ್ಮೆ ಹಾಕಿದರೆ ವರ್ಷಗಟ್ಟಲೆ ಚಿಂತೆ ಇಲ್ಲ. ನನ್ನ ಮತ ಇದಕ್ಕೇ. ಕೆಲವು ಅಡಾಪ್ಟರುಗಳು ಬರೀ ಗಾತ್ರ ಹೊಂದಿಸುತ್ತವೆ, ವೋಲ್ಟೇಜ್ ಇಳಿಸುವುದಿಲ್ಲ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ.

625ರ ಗೂಡು ಸುಮಾರು 16 ಮಿ.ಮೀ ಅಗಲ, 44ರ ಸೆಲ್ 11.6. ಸುಮ್ನೆ ಹಾಕಿದರೆ ಒಳಗೆ ಜಾರಾಡುತ್ತದೆ. ಸುತ್ತ ರಬ್ಬರ್ ಉಂಗುರ ಕೂರಿಸಿದರೆ ಗಟ್ಟಿಯಾಗುತ್ತದೆ. ಆದರೆ ಕೆಲವು ಕ್ಯಾಮೆರಾಗಳಲ್ಲಿ ಪ್ಲಸ್ ಸಂಪರ್ಕ ಸೆಲ್ಲಿನ ಪಕ್ಕಕ್ಕೆ ತಾಗುತ್ತದೆ. ಅಲ್ಲಿ ರಬ್ಬರ್ ಹಾಕಿದರೆ ಕರೆಂಟ್ ಹರಿಯುವುದಿಲ್ಲ, ಲೋಹದ ಉಂಗುರವೇ ಬೇಕು. ಇನ್ನು ಬಟನ್ ಸೆಲ್ಲಿನಲ್ಲಿ ಅಗಲವಾದ, ಅಕ್ಷರ ಕೊರೆದಿರುವ ಮುಖ ಮತ್ತು ಸುತ್ತಲಿನ ಬದಿ ಪ್ಲಸ್. ಕಿರಿದಾದ ಮುಖ ಮೈನಸ್.

ಕಿಲುಬು

ಮುಚ್ಚಳ ತೆಗೆದಾಗ ಬಿಳಿ ಪುಡಿ ಅಥವಾ ಹಸಿರು ನೀಲಿ ಕಿಲುಬು ಕಂಡರೆ ಆಲ್ಕಲೈನ್ ಸೋರಿದೆ ಅಂತ ಅರ್ಥ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅದು ಕ್ಷಾರ. ಹಾಗಾಗಿ ವಿನೆಗರ್ ಅಥವಾ ನಿಂಬೆರಸದಂಥ ಮೆಲು ಆಮ್ಲ ಬೇಕು. ಹತ್ತಿಕಡ್ಡಿಯ ತುದಿಗೆ ಒಂದೇ ಹನಿ. ಬ್ಯಾಟರಿ ಗೂಡಿನ ಬಾಯಿ ಕೆಳಮುಖವಾಗಿರುವ ಹಾಗೆ ಕ್ಯಾಮೆರಾ ಹಿಡಿದರೆ ನೀರು ಒಳಗೆ ಇಳಿಯುವುದಿಲ್ಲ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ. ಸಂಪರ್ಕ ಫಳಫಳ ಹೊಳೆದರೂ ಮೀಟರ್ ಏಳದಿದ್ದರೆ ಕಿಲುಬು ತಂತಿಯ ಪ್ಲಾಸ್ಟಿಕ್ ಒಳಗೇ ತೆವಳಿಕೊಂಡು ಹೋಗಿರಬಹುದು. ಆಗ ತಂತಿ ಬದಲಿಸಲು ರಿಪೇರಿಯವರೇ ಬೇಕು.

ಉಳಿದ ಚಿಕ್ಕಪುಟ್ಟವು

ಸೆಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ ಹಾಕಿ, ಬೆರಳಿನ ಜಿಡ್ಡು ಸಂಪರ್ಕ ಕೆಡಿಸುತ್ತದೆ. ಎರಡು ಸೆಲ್ ಹಾಕುವ ಕಡೆ ಹಳತು ಹೊಸದು ಬೆರೆಸಬೇಡಿ, ಎಲ್‌ಆರ್ ಜೊತೆ ಎಸ್‌ಆರ್ ಬೇಡ. ಬಲ ಕಮ್ಮಿ ಇರುವುದು ಮೊದಲು ಮುಗಿದು ಸೋರುತ್ತದೆ.

ಮಲ್ಟಿಮೀಟರಿನಲ್ಲಿ 1.4 ತೋರಿಸಿತು ಅಂತ ನಂಬಬೇಡಿ. ಹೊರೆ ಇಲ್ಲದಾಗ ಸುಸ್ತಾದ ಸೆಲ್ಲೂ ಚೆನ್ನಾಗೇ ಕಾಣುತ್ತದೆ. ಕ್ಯಾಮೆರಾದ ಬ್ಯಾಟರಿ ಚೆಕ್ ಇದ್ದರೆ ಅದನ್ನೇ ಒತ್ತಿ. ಎಇ-1ರಲ್ಲಿ ಮುಳ್ಳು 5.6ರ ಗುರುತಿಗೆ ಅಥವಾ ಅದರ ಕೆಳಗೆ ಬಂದರೆ ಸರಿ.

ಓಎಂ-1ರ ಮೇಲೆ ಆನ್-ಆಫ್ ಸ್ವಿಚ್ ಇದೆ, ಮರೆತರೆ ಸೆಲ್ ಖಾಲಿ. ಕೆ1000ರಲ್ಲಿ ಸ್ವಿಚ್ಚೇ ಇಲ್ಲ, ಲೆನ್ಸಿಗೆ ಮುಚ್ಚಳ ಹಾಕುವುದೇ ಆಫ್ ಮಾಡುವ ದಾರಿ. ತಿಂಗಳುಗಟ್ಟಲೆ ಕ್ಯಾಮೆರಾ ಮುಟ್ಟುವುದಿಲ್ಲ ಅಂದರೆ ಸೆಲ್ ತೆಗೆದೇ ಇಡಿ. ಚಳಿಯಲ್ಲಿ ಮೀಟರ್ ಸತ್ತಂತೆ ಕಂಡರೆ ಸೆಲ್ಲನ್ನು ಸ್ವಲ್ಪ ಹೊತ್ತು ಒಳಜೇಬಿನಲ್ಲಿಟ್ಟು ಮತ್ತೆ ಹಾಕಿ ನೋಡಿ.

ಮೋಟರ್ ಇರುವ ಕ್ಯಾಮೆರಾದಲ್ಲಿ ರೀಲ್ ಅರ್ಧಕ್ಕೆ ಇದ್ದಾಗ ಬ್ಯಾಟರಿ ತೆಗೆಯುವ ಮೊದಲು ಮ್ಯಾನುಯಲ್ ನೋಡಿ. ಕೆಲವದರಲ್ಲಿ ಫ್ರೇಮ್ ಲೆಕ್ಕ ಅಳಿಸಿಹೋಗುತ್ತದೆ. ಎರಡು ರೀಲ್‌ಗಳ ನಡುವೆ ಬದಲಿಸುವುದು ಒಳ್ಳೆಯದು. ಸಿಆರ್123ಎ ಹಾಕುವ ಕ್ಯಾಮೆರಾಗೆ ಅದೇ ಗಾತ್ರದ ಚಾರ್ಜ್ ಮಾಡುವ ಲಿಥಿಯಂ-ಅಯಾನ್ ಸೆಲ್ ಹಾಕಬೇಡಿ. ಮೂಲ ಸೆಲ್ 3 ವೋಲ್ಟ್. ಚಾರ್ಜ್ ಮಾಡುವುದು ತುಂಬಿದಾಗ 4.2 ಇರುತ್ತದೆ, ಅಷ್ಟಕ್ಕೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು.